ದರಗಿನಡಿಯ ಹಾವುರಾಣಿ

ಆಗುಂಬೆಗೆ ಬಂದವರೆಲ್ಲ ಕಾಳಿಂಗವನ್ನೇ ಕೇಳುತ್ತಾರೆ. ರೊಮುಲಸ್ ವಿಟೇಕರ್ 2005ರಲ್ಲಿ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದ್ದಕ್ಕೂ ಆ ಹಾವಿನ ಸೆಳೆತವೇ ಕಾರಣ. ಕೇಳಲಿ ಬಿಡಿ. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರ ಎಲ್ಲೇ ಆಗಲಿ, ಕಾನಿನಂಚಲ್ಲಿ ಸುಮ್ಮನೆ ನಿಂತವರಿಗೆ ಸಿಗುವ ಹಾವುರಾಣಿಯನ್ನು ದಾಟಿಕೊಂಡು ಓಡುವವರನ್ನು ಕಂಡರೆ ನನಗೆ ಕನಿಕರ.

ಮಳೆ ಹಿಂದೆಗೆದು ಬಿಸಿಲು ಬಿದ್ದ ಬೆಳಿಗ್ಗೆ ಇದಕ್ಕೆ ಹೇಳಿಮಾಡಿಸಿದ ಹೊತ್ತು. ಮೊದಲು ಸಿಗುವುದು ಕಿವಿಗೆ. ಕೇರೆಹಾವು ಹರಿದರೆ ದರಗಿನ ಸದ್ದು ಎಳೆದ ಹಾಗೆ ಒಂದೇ ಸಮ, ಹಾವುರಾಣಿಯದು ತುಂಡುತುಂಡು. ಸರಕ್ಕನೆ ಓಟ, ಗಪ್ಪನೆ ನಿಲುಗಡೆ. ಸದ್ದು ನಿಂತಲ್ಲೇ ಕಣ್ಣು ನೆಟ್ಟರೆ ಎಣ್ಣೆ ಸವರಿದಂಥ ಕಂಚುಬಣ್ಣದ ಬೆನ್ನು ಕಾಣುತ್ತದೆ. ದೊಡ್ಡ ಜಾತಿಯಾದರೆ ಬೆನ್ನಿನ ಒಂದೊಂದು ಹುರುಪೆಯ ಮೇಲೂ ಸಾಮಾನ್ಯವಾಗಿ ಮೂರು ಏಣುಗಳಿರುತ್ತವೆ. ಬೆದೆಯ ಕಾಲದಲ್ಲಿ ಗಂಡಿನ ಪಕ್ಕೆ ಕೆಂಪಾಗುತ್ತದೆ. ಆ ಬಣ್ಣ ಒಮ್ಮೆ ಕಂಡವರು ಬೈನಾಕ್ಯುಲರ್ ಅನ್ನು ಹಕ್ಕಿಗಷ್ಟೇ ಮೀಸಲಿಡುವುದಿಲ್ಲ.

ವಿಷದ ಮಾತು ಸುಳ್ಳು. ಇದು ಹುಳುಹುಪ್ಪಟೆ ತಿಂದು ಬದುಕುವ ಪ್ರಾಣಿ, ಹಿಡಿದರೆ ಬಾಲ ಕೊಟ್ಟು ಓಡುತ್ತದೆ. ಹಾಗಂತ ಹಿಡಿಯಬೇಡಿ, ಮತ್ತೆ ಬೆಳೆದ ಬಾಲಕ್ಕೆ ಮೊದಲಿನ ಅಂದವಿಲ್ಲ.

ಸಾಮಾನ್ಯವಾದದ್ದನ್ನು ಏನು ನೋಡುವುದು ಎನ್ನುವವರಿಗೆ ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪದ ಕಥೆ ಹೇಳುತ್ತೇನೆ. ಅಲ್ಲಿನ ಕಾಡು ಹಾವುರಾಣಿ 1970ರ ದಶಕದಲ್ಲಿ ದ್ವೀಪದ ತುಂಬ ಇತ್ತು. 2010ರ ನಂತರ ಕಾಡಿನಲ್ಲಿ ಕಾಣಲಿಲ್ಲ. ಸಾಕಿಟ್ಟಿದ್ದ ಕೊನೆಯ ಹೆಣ್ಣು, ಹೆಸರು ಗಂಪ್, 2014ರ ಮೇ 31ರಂದು ಸತ್ತಿತು. 2017ರಲ್ಲಿ ಆ ಜಾತಿ ಅಳಿದ ಪಟ್ಟಿಗೆ ಸೇರಿತು. ಹೊರಗಿಂದ ಬಂದ ತೋಳಹಾವಿನ ಮೇಲೇ ಹೆಚ್ಚಿನ ಅನುಮಾನ. ಅದರ ಹತ್ತಿರದ ನೆಂಟ ನಮ್ಮ ಮನೆ ಸಂದಿಗಳಲ್ಲೇ ಇದೆ, ಹಾವುರಾಣಿಯನ್ನೂ ಹಿಡಿದು ತಿನ್ನುತ್ತದೆ. ಆದರೆ ಇಲ್ಲಿ ಎರಡೂ ಯುಗಯುಗದಿಂದ ಜೊತೆಗೇ ಬೆಳೆದವು. ಆ ದ್ವೀಪದ ಹಲ್ಲಿಗೆ ಇಂಥ ಹಾವಿನ ಪರಿಚಯವೇ ಇರಲಿಲ್ಲ.

ನಮ್ಮಲ್ಲಿ ನನಗಿರುವ ಚಿಂತೆ ಹಾವಿನದಲ್ಲ, ಗುಡಿಸುವುದರದು. ಅಡಿಕೆ ತೋಟಕ್ಕೆ ಗೊಬ್ಬರ ಬೇಕು, ಕೊಟ್ಟಿಗೆಗೆ ಹಾಸು ಬೇಕು, ಸೊಪ್ಪಿನ ಬೆಟ್ಟ ಇರುವುದೇ ಅದಕ್ಕೆ. ಆದರೂ ನೆಲ ಕಾಣುವಷ್ಟು ದರಗು ಬಾಚಿದ ಬೆಟ್ಟದಲ್ಲಿ ನೆರಳು ಬೇಡುವ ಸಣ್ಣ ಜಾತಿಗಳಿಗೆ ತಾವೇ ಇರುವುದಿಲ್ಲ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ರಿಸ್ಟೆಲ್ಲ ಕುಲದ್ದು ಅಂಥದ್ದು: ಬೆರಳುದ್ದದ ಜೀವ, ಮುಂಗಾಲಿಗೆ ನಾಲ್ಕೇ ಬೆರಳು, ಉಗುರನ್ನು ಬೆಕ್ಕಿನ ಹಾಗೆ ಒಳಗೆಳೆದುಕೊಳ್ಳುತ್ತದೆ. ಅದನ್ನು ಹುಡುಕುವ ಹುಚ್ಚಿದ್ದವರು ಬಾಚಿದ ಬೆಟ್ಟ ಬಿಟ್ಟು ಕಾನಿನೊಳಗೆ, ಕೊಳೆತ ದಿಮ್ಮಿಯ ಬದಿಗೆ ಹೋಗಿ ಕೂರಲಿ. ದಿಮ್ಮಿ ಮಗುಚಿದರೆ ಮೊದಲಿದ್ದಂತೆಯೇ ಇಡಲಿ. ಉಂಬಳಕ್ಕೆ ಕಾಲುಚೀಲ ಮರೆಯದಿರಲಿ.