ಸಾಣೇಹಳ್ಳಿಯ ರಂಗ ಮತ್ತು ಮತಾಂತರದ ಪ್ರಶ್ನೆ

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ರಂಗಚಟುವಟಿಕೆಯ ಕುರಿತು ಕನ್ನಡದಲ್ಲಿ ಬಂದಿರುವ ಬರಹ ಕಡಿಮೆಯೇನಲ್ಲ. ಅದರಲ್ಲಿ ಬಹುಪಾಲು ರಂಗಭೂಮಿಯ ಇತಿಹಾಸದ ದೃಷ್ಟಿಯಿಂದ ಬರೆದದ್ದು, ಉಳಿದದ್ದು ಅಭಿನಂದನೆ. ಅಲ್ಲಿ ನಡೆಯುತ್ತಿರುವುದನ್ನು ಶಾಂತಿ ಹಾಗೂ ಸಾಮಾಜಿಕ ನ್ಯಾಯಕ್ಕಾಗಿ ನಡೆಯುವ ಸಾರ್ವಜನಿಕ ಕ್ರಿಯೆಯೆಂದು ಪರಿಗಣಿಸಿ, ಅದರ ಬಲವನ್ನೂ ಮಿತಿಯನ್ನೂ ದೈವಶಾಸ್ತ್ರದ ಒರೆಗೆ ಹಚ್ಚುವ ಕೆಲಸವನ್ನು ನಮ್ಮ ಗುರುಮಠಗಳು ಕೈಗೆತ್ತಿಕೊಳ್ಳಬೇಕಾಗಿದೆ. ಇದಕ್ಕೆ ವಿಶೇಷ ಕಾರಣವೊಂದಿದೆ. 2021ರಲ್ಲಿ ಕ್ರೈಸ್ತರ ಮೇಲಿನ ಮತಾಂತರದ ಆರೋಪ ವಿಧಾನಸಭೆಯಲ್ಲಿ ಪ್ರತಿಧ್ವನಿಸಿದ್ದು ಇದೇ ತಾಲ್ಲೂಕಿನ ಹೆಸರಿನಲ್ಲಿ.

ಮೊದಲು ಸಂಸ್ಥೆಯ ವಿಚಾರ. ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿಯವರು ಸ್ವತಃ ನಾಟಕಗಳನ್ನು ಬರೆದವರು. ಮಠಕ್ಕೂ ರಂಗಕ್ಕೂ ನಂಟು ಬೆಸೆದವರು. ಅವರ ಶಿಷ್ಯರಾದ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು ಸಾಣೇಹಳ್ಳಿಯ ಶಾಖಾಮಠದಲ್ಲಿ 1987ರಲ್ಲಿ ಶಿವಕುಮಾರ ಕಲಾಸಂಘವನ್ನು ಸ್ಥಾಪಿಸಿದರು. 1997ರಲ್ಲಿ ‘ಶಿವಸಂಚಾರ’ ಎಂಬ ರೆಪರ್ಟರಿ ಹುಟ್ಟಿತು. ವರ್ಷಕ್ಕೆ ಮೂರು ನಾಟಕ ಕಲಿತು ನಾಡಿನ ಊರೂರಿಗೆ ಒಯ್ಯುವ ತಂಡ ಅದು. 2008ರಿಂದ ರಂಗಪ್ರಯೋಗ ಶಾಲೆಯೂ ಇದೆ. ಪ್ರತಿ ನವೆಂಬರಿನಲ್ಲಿ ಗ್ರೀಕ್ ಮಾದರಿಯ ಬಯಲು ರಂಗಮಂದಿರದಲ್ಲಿ ನಾಟಕೋತ್ಸವ ನಡೆಯುತ್ತದೆ. ಸುತ್ತಲಿನ ಹಳ್ಳಿಗಳ ರೈತರು, ಕೂಲಿಕಾರರು, ಶಾಲೆಯ ಮಕ್ಕಳು ಅದರ ಪ್ರೇಕ್ಷಕರು. ನಗರದ ರಂಗಾಸಕ್ತರು ಅಲ್ಲಿ ಅತಿಥಿಗಳು ಮಾತ್ರ, ಮತ್ತು ಅದು ಹಾಗಿರುವುದೇ ಸರಿ.

ಈ ಚಟುವಟಿಕೆಯ ಅತ್ಯಂತ ಗಂಭೀರ ರೂಪವೆಂದು ನಾವು ಎಣಿಸುವುದು ನಾಟಕೋತ್ಸವವನ್ನಲ್ಲ, 2019ರ ಆಗಸ್ಟ್ ತಿಂಗಳಿಡೀ ನಡೆದ ‘ಮತ್ತೆ ಕಲ್ಯಾಣ’ ಅಭಿಯಾನವನ್ನು. ಜಿಲ್ಲೆಯಿಂದ ಜಿಲ್ಲೆಗೆ ಸಾಗಿ ಬಸವಕಲ್ಯಾಣದಲ್ಲಿ ಮುಗಿದ ಆ ಯಾತ್ರೆಗೆ ನಿಗದಿತವಾದ ಒಂದು ದಿನಚರಿ ಇತ್ತು. ಮೊದಲು ವಿದ್ಯಾರ್ಥಿಗಳೊಡನೆ ಸಂವಾದ, ಆಮೇಲೆ ಬೀದಿಯಲ್ಲಿ ಸಾಮರಸ್ಯ ನಡಿಗೆ, ಸಂಜೆ ಸಾರ್ವಜನಿಕ ಸಭೆ, ಕೊನೆಗೆ ನಾಟಕ. ಈ ಅನುಕ್ರಮವನ್ನು ಗಮನಿಸಬೇಕು. ಸಂವಾದದಲ್ಲಿ ಪ್ರಶ್ನೆ ಹದಿಹರೆಯದವರದು, ಉತ್ತರ ಸ್ವಾಮಿಗಳದು ಮತ್ತು ವಿದ್ವಾಂಸರದು. ಜಾತಿ ಏಕೆ ಹೋಗಲಿಲ್ಲ, ಮಠಗಳೇ ಜಾತಿಗೊಂದಾಗಿವೆಯಲ್ಲ ಎಂಬಂಥ ಪ್ರಶ್ನೆಗಳನ್ನು ಕಾವಿ ಧರಿಸಿದವರು ಸಾರ್ವಜನಿಕವಾಗಿ ಎದುರಿಸಬೇಕಾದ ಏರ್ಪಾಡು ಅದು. ಪ್ರಶ್ನೆಗೆ ತನ್ನನ್ನು ಒಡ್ಡಿಕೊಂಡ ಮೇಲೆ ನಡಿಗೆ, ನಡಿಗೆಯ ಮೇಲೆ ಉಪನ್ಯಾಸ. ಈ ಕ್ರಮವನ್ನು ತಿರುವುಮುರುವು ಮಾಡಿದರೆ ಉಳಿಯುವುದು ಒಂದು ಮೆರವಣಿಗೆ.

ಧರ್ಮಸಭೆಯ ಆಶ್ರಯದಲ್ಲಿ ನಡೆಯುವ ಸೌಹಾರ್ದ ಕೂಟಗಳನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಕ್ರಿಸ್ಮಸ್ಸಿನ ಆಸುಪಾಸಿನಲ್ಲಿ ಒಬ್ಬ ಸ್ವಾಮಿಗಳು, ಒಬ್ಬ ಮೌಲ್ವಿಗಳು, ಒಬ್ಬ ಧರ್ಮಗುರುಗಳು ವೇದಿಕೆಯೇರಿ ದೀಪ ಬೆಳಗುತ್ತಾರೆ. ಎಲ್ಲ ಧರ್ಮಗಳ ಸಾರ ಒಂದೇ ಎನ್ನುತ್ತಾರೆ. ಶಾಲು, ಹಾರ, ಛಾಯಾಚಿತ್ರ, ಊಟ. ಊಟವನ್ನು ನಾವು ಹಗುರವಾಗಿ ಕಾಣುತ್ತಿಲ್ಲ, ಬಹುಶಃ ಆ ದಿನದ ನಿಜವಾದ ಸಂವಾದ ಪಂಕ್ತಿಯಲ್ಲೇ ನಡೆಯುತ್ತದೆ. ಆದರೆ ಆ ವೇದಿಕೆಯಲ್ಲಿ ‘ಮತಾಂತರ’ ಎಂಬ ಶಬ್ದ ಉಚ್ಚಾರವಾಗುವುದಿಲ್ಲ. ಎದುರು ಕುಳಿತವರ ಮನಸ್ಸಿನಲ್ಲಿ ಕ್ರೈಸ್ತರ ಕುರಿತು ಇರುವ ಮೊದಲ ಪ್ರಶ್ನೆಯೇ ಅದು; ಅದನ್ನು ಕೇಳಲು ಅಲ್ಲಿ ಕ್ರಮವಿಲ್ಲ. 1991ರ ‘ಸಂವಾದ ಮತ್ತು ಘೋಷಣೆ’ ಎಂಬ ವ್ಯಾಟಿಕನ್ ದಸ್ತಾವೇಜು ಸಂವಾದದ ನಾಲ್ಕು ರೂಪಗಳನ್ನು ಹೇಳುತ್ತದೆ: ಜೀವನದ ಸಂವಾದ, ಕ್ರಿಯೆಯ ಸಂವಾದ, ದೈವಶಾಸ್ತ್ರೀಯ ವಿನಿಮಯ, ಧಾರ್ಮಿಕ ಅನುಭವದ ವಿನಿಮಯ. ದೀಪ ಬೆಳಗುವ ಕೂಟ ಈ ನಾಲ್ಕರಲ್ಲಿ ಯಾವುದು ಎಂದು ನಮ್ಮ ಗುರು ಅಭ್ಯರ್ಥಿಗಳು ಕೇಳಿದರೆ ಉತ್ತರಿಸುವುದು ಕಷ್ಟ.

ಕೇಳದೆ ಉಳಿದ ಪ್ರಶ್ನೆ ಬೇರೆ ಬಾಗಿಲಿನಿಂದ ಬರುತ್ತದೆ. 2021ರ ಸೆಪ್ಟೆಂಬರಿನಲ್ಲಿ ಹೊಸದುರ್ಗದ ಅಂದಿನ ಶಾಸಕ ಗೂಳಿಹಟ್ಟಿ ಶೇಖರ್ ಅವರು ತಮ್ಮ ಮನೆಯವರನ್ನೇ ಮತಾಂತರಿಸಲಾಗಿದೆಯೆಂದೂ ತಾಲ್ಲೂಕಿನಲ್ಲಿ ಸಾವಿರಾರು ಮಂದಿ ಮತಾಂತರಗೊಂಡಿದ್ದಾರೆಂದೂ ಸದನದಲ್ಲಿ ಹೇಳಿದರು. ಚರ್ಚುಗಳ ಸಮೀಕ್ಷೆಯ ಮಾತು ಬಂತು. ತಾಲ್ಲೂಕಿನಲ್ಲಿ ವಿಚಾರಣೆ ನಡೆಸಿದ ತಹಶೀಲ್ದಾರರು ತಾವು ಕಂಡ ಮಟ್ಟಿಗೆ ಬಲವಂತದ ಮತಾಂತರ ನಡೆದಿಲ್ಲ, ಜನ ಸ್ವ ಇಚ್ಛೆಯಿಂದ ಚರ್ಚಿಗೆ ಹೋಗುತ್ತಿದ್ದಾರೆ ಎಂದು ವರದಿ ಕೊಟ್ಟರು. ಕೆಲವೇ ದಿನಗಳಲ್ಲಿ ಅವರ ವರ್ಗಾವಣೆಯಾಯಿತು. ಡಿಸೆಂಬರ್ 23ರಂದು ವಿಧಾನಸಭೆ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಮಸೂದೆಯನ್ನು ಅಂಗೀಕರಿಸಿತು. 2022ರಲ್ಲಿ ಅದು ಮೊದಲು ಸುಗ್ರೀವಾಜ್ಞೆಯಾಗಿ, ಬಳಿಕ ಕಾಯಿದೆಯಾಗಿ ಬಂತು. ಮತ ಬದಲಿಸುವವನು ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೆ ಘೋಷಣೆ ಸಲ್ಲಿಸಬೇಕು ಎಂದಿತು ಅದು. ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಉದ್ಯೋಗ, ಉತ್ತಮ ಜೀವನದ ಭರವಸೆ ಇವೆಲ್ಲವನ್ನೂ ‘ಆಮಿಷ’ದ ವ್ಯಾಖ್ಯೆಯೊಳಗೆ ಸೇರಿಸಿತು. 2023ರ ಜೂನ್‌ನಲ್ಲಿ ಹೊಸ ಸಚಿವ ಸಂಪುಟ ಅದನ್ನು ರದ್ದುಪಡಿಸಲು ನಿರ್ಧರಿಸಿತು. ಆದರೆ ಕಾಯಿದೆ ಹೋದ ಮಾತ್ರಕ್ಕೆ ಗುಮಾನಿ ಹೋಗುವುದಿಲ್ಲವೆಂಬುದು ಹಳ್ಳಿಯ ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸುವ ಯಾಜಕರಿಗೆ ತಿಳಿಯದ ಸಂಗತಿಯಲ್ಲ.

ಈಗ ಕಲ್ಯಾಣದ ಕಥೆಗೆ ಮರಳೋಣ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ಬಿಜ್ಜಳನ ಆಸ್ಥಾನ ಅದನ್ನು ವರ್ಣಸಂಕರವೆಂದು ಕರೆಯಿತು. ತಂದೆಯರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತು. ಕಲ್ಯಾಣ ರಕ್ತದಲ್ಲಿ ಮುಗಿಯಿತು. ಇದನ್ನು ಸಾಮಾನ್ಯವಾಗಿ ಅಂತರ್ಜಾತಿ ವಿವಾಹದ ದುರಂತವೆಂದು ನೋಡಲಾಗುತ್ತದೆ. ಹೊಸದುರ್ಗದಲ್ಲಿ ನಿಂತು ನೋಡುವವರಿಗೆ ಇನ್ನೊಂದು ಸಂಗತಿ ಕಾಣಬೇಕು. ಹರಳಯ್ಯನೂ ಮಧುವರಸನೂ ಲಿಂಗದೀಕ್ಷೆ ಪಡೆದವರು. ತಾವು ಹಿಂದಿನ ಜಾತಿಗೆ ಸೇರಿದವರಲ್ಲ, ಶರಣರು ಎಂಬುದು ಅವರ ನಿಲುವು. ನೀವು ಇನ್ನೂ ಸಮಗಾರ, ಇನ್ನೂ ಬ್ರಾಹ್ಮಣ ಎಂಬುದು ಅರಸನ ನಿಲುವು. ಮನುಷ್ಯನೊಬ್ಬ ತನ್ನ ನಂಬಿಕೆಯಿಂದ ತನ್ನ ಗುರುತನ್ನು ಬದಲಿಸಿಕೊಂಡಾಗ ಆ ಬದಲಾವಣೆಯನ್ನು ಒಪ್ಪುವ ಅಥವಾ ಅಳಿಸುವ ಅಧಿಕಾರ ಪ್ರಭುತ್ವಕ್ಕಿದೆಯೇ? ಕಲ್ಯಾಣದಲ್ಲಿ ತೀರ್ಮಾನವಾದದ್ದು ಈ ವ್ಯಾಜ್ಯ. 2021ರಲ್ಲಿ ಇದೇ ತಾಲ್ಲೂಕಿನಲ್ಲಿ ಮೇಲೆದ್ದದ್ದೂ ಇದೇ. ದಾಸೋಹದ ಅನ್ನವನ್ನೂ ಕಾಯಕದ ಘನತೆಯನ್ನೂ ಕೊಟ್ಟು ಜನರನ್ನು ಸೆಳೆದ ಅನುಭವ ಮಂಟಪ ‘ಆಮಿಷ’ದ ಆ ವ್ಯಾಖ್ಯೆಯಿಂದ ಪಾರಾಗುತ್ತಿತ್ತೇ ಎಂಬುದನ್ನು ಓದುಗರು ಯೋಚಿಸಬಹುದು.

ಹೀಗೆ ಹೇಳುವಾಗ ಒಂದು ಎಚ್ಚರ ಬೇಕು. ಹರಳಯ್ಯನನ್ನು ನಮ್ಮ ಪಕ್ಷದ ಸಾಕ್ಷಿಯಾಗಿ ಕರೆದೊಯ್ಯುವ ಹಕ್ಕು ನಮಗಿಲ್ಲ. ವಚನಗಳನ್ನು ಶುಭಸಂದೇಶಕ್ಕೆ ಪೂರ್ವಸಿದ್ಧತೆಯೆಂದು ಓದುವ ಪರಿಪಾಠವೊಂದಿದೆ. ಅದರಲ್ಲಿ ಶರಣನು ತನ್ನ ಮಾತಾಡುವುದಿಲ್ಲ, ನಮ್ಮ ಮಾತಿಗೆ ಹೂಂಗುಡುತ್ತಾನೆ. ಇದಕ್ಕಿಂತ ಭಿನ್ನವಾದ ದಾರಿಯನ್ನು ಕನ್ನಡ ಕ್ರೈಸ್ತರಲ್ಲೇ ಒಬ್ಬರು ತೋರಿಸಿದ್ದಾರೆ. ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ, 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಅನುಭವ ಮಂಟಪ ಇತ್ತೇ ಇಲ್ಲವೇ ಎಂಬ ವಿವಾದದಲ್ಲಿ ಅದರ ಐತಿಹಾಸಿಕತೆಯ ಪರವಾಗಿ ಗ್ರಂಥವನ್ನೇ ಬರೆದರು. ಸಭಾಪಾಲಕರೊಬ್ಬರು ಶರಣರ ಪರಂಪರೆಗೆ ಸಲ್ಲಿಸಿದ ಈ ವಿದ್ವತ್ ಸೇವೆ ಅನೇಕ ಸೌಹಾರ್ದ ಕೂಟಗಳಿಗಿಂತ ತೂಕದ್ದು.

ಇಷ್ಟನ್ನು ಒಪ್ಪಿದ ಮೇಲೆ, ಕಲ್ಯಾಣದ ನಾಟಕಗಳ ಮೇಲೆ ನಮಗಿರುವ ಆಕ್ಷೇಪವನ್ನೂ ಹೇಳಬೇಕು. ಮಠದ ಆಶ್ರಯದಲ್ಲಿ ಶರಣರ ಕಥೆ ರಂಗಕ್ಕೆ ಬಂದಾಗ ಅನ್ಯಾಯ ಮಾಡುವವನು ಸಾಮಾನ್ಯವಾಗಿ ಅರಸ ಅಥವಾ ಅವನ ಮಂತ್ರಿ. ಅನ್ಯಾಯದ ಕಾಲ ಹನ್ನೆರಡನೆಯ ಶತಮಾನ. ಪ್ರೇಕ್ಷಕ ಶರಣರ ಪಕ್ಕದಲ್ಲಿ ಕುಳಿತು ಅರಸನನ್ನು ಖಂಡಿಸಿ ನೆಮ್ಮದಿಯಿಂದ ಮನೆಗೆ ಹೋಗಬಹುದು. ಊರ ಕೇರಿ ಇದ್ದಲ್ಲೇ ಇರುತ್ತದೆ. ಜರ್ಮನಿಯ ದೈವಶಾಸ್ತ್ರಜ್ಞ ಯೋಹಾನ್ ಬ್ಯಾಪ್ಟಿಸ್ಟ್ ಮೆಟ್ಸ್ ಅವರು ಕ್ರಿಸ್ತನ ಪಾಡುಗಳ ಸ್ಮರಣೆಯನ್ನು ಅಪಾಯಕಾರಿ ಸ್ಮರಣೆ ಎಂದು ಕರೆದದ್ದು ಅದು ಸ್ಮರಿಸುವವನನ್ನೇ ಪ್ರಶ್ನಿಸುವುದರಿಂದ. ಕಲ್ಯಾಣದ ಸ್ಮರಣೆ ಆ ಅಪಾಯವನ್ನು ಕಳೆದುಕೊಂಡರೆ ಉಳಿಯುವುದು ಹೆಮ್ಮೆ. ಪಿ. ಲಂಕೇಶರ ‘ಸಂಕ್ರಾಂತಿ’ ಇಲ್ಲಿ ನೆನಪಾಗುತ್ತದೆ. ಶರಣನಾದ ಹೊಲೆಯ ಯುವಕ ರುದ್ರನೂ, ತನ್ನ ದೇವರು, ತನ್ನ ಊಟ ಬಿಟ್ಟು ಬೇರೆಯವರಂತಾಗಲು ಒಪ್ಪದ ಮುದುಕ ಉಜ್ಜನೂ ಆ ನಾಟಕದಲ್ಲಿ ಎದುರುಬದುರಾಗುತ್ತಾರೆ. ಮೇಲೆತ್ತಲು ಬಂದವರ ಕೈಯನ್ನೇ ಗುಮಾನಿಯಿಂದ ನೋಡುವ ಉಜ್ಜನ ದನಿಗೆ ಶರಣರ ನಾಟಕಗಳಲ್ಲಿ ಸ್ಥಾನ ಸಿಗುವುದು ವಿರಳ. ಮಿಷನರಿ ಇತಿಹಾಸದ ನಮ್ಮ ಪಠ್ಯಗಳಲ್ಲಿಯೂ ಅಷ್ಟೇ. ಬಲವಂತದಿಂದಾಗಲಿ ಅಯೋಗ್ಯ ಉಪಾಯಗಳಿಂದಾಗಲಿ ಯಾರನ್ನೂ ವಿಶ್ವಾಸಕ್ಕೆ ಸೆಳೆಯಬಾರದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ತನ್ನ ಧರ್ಮಪ್ರಚಾರದ ಆಜ್ಞಾಪತ್ರದಲ್ಲಿ 1965ರಲ್ಲೇ ಕಟ್ಟುನಿಟ್ಟಾಗಿ ವಿಧಿಸಿದೆ. ಕರ್ನಾಟಕದ ಕಾಯಿದೆಗಿಂತ ಐವತ್ತೇಳು ವರ್ಷ ಹಳೆಯದಾದ ಈ ನಿಯಮ ನಮ್ಮ ಎಷ್ಟು ಧರ್ಮಕೇಂದ್ರಗಳ ಪ್ರಬೋಧನೆಗಳಲ್ಲಿ ಕೇಳಿಬರುತ್ತದೆ?

ದೀಕ್ಷೆಯ ಅನಂತರವೂ ಜಾತಿ ಎಣಿಸಿದವನು ಬಿಜ್ಜಳನೊಬ್ಬನೇ ಅಲ್ಲ. ಸ್ನಾನದೀಕ್ಷೆಯ ಅನಂತರವೂ ಎಣಿಸುವವರಿದ್ದಾರೆ. 1950ರ ರಾಷ್ಟ್ರಪತಿ ಆದೇಶ ದಲಿತ ಕ್ರೈಸ್ತರನ್ನು ಪರಿಶಿಷ್ಟ ಜಾತಿಗಳ ಪಟ್ಟಿಯಿಂದ ಹೊರಗಿಟ್ಟಿತು, ಕ್ರೈಸ್ತನಾದವನಿಗೆ ಜಾತಿಯ ಪೀಡೆ ಇಲ್ಲವೆಂಬಂತೆ. ಆದರೆ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ 2016ರ ಡಿಸೆಂಬರಿನಲ್ಲಿ ದಲಿತ ಸಬಲೀಕರಣ ನೀತಿಯನ್ನು ಹೊರಡಿಸಬೇಕಾಯಿತು. ಧರ್ಮಸಭೆಯೊಳಗೆ ಅಸ್ಪೃಶ್ಯತೆ ಉಳಿದಿದೆಯೆಂದು ಆ ನೀತಿ ಮುಚ್ಚುಮರೆಯಿಲ್ಲದೆ ಒಪ್ಪುತ್ತದೆ. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರ ಪಂಕ್ತಿಯಿಂದ ಮೆಲ್ಲಗೆ ಹಿಂದೆ ಸರಿದದ್ದನ್ನು ಪೌಲನು ಎಲ್ಲರ ಎದುರಿನಲ್ಲಿ ಖಂಡಿಸಿದ. ಗಲಾತ್ಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ ಹೇಳುವ ಆ ಪ್ರಸಂಗದಲ್ಲಿ ಪೌಲನಿಗೆ ಪಂಕ್ತಿಭೇದ ಶಿಷ್ಟಾಚಾರದ ಲೋಪವಾಗಿ ಕಾಣಲಿಲ್ಲ, ಶುಭಸಂದೇಶದ ಸತ್ಯಕ್ಕೆ ಬಂದ ಭಂಗವಾಗಿ ಕಂಡಿತು. ಎಲ್ಲರ ಎದುರಿನಲ್ಲಿ ಎಂಬ ಮಾತೂ ಮುಖ್ಯ. ಸಾಣೇಹಳ್ಳಿಯ ಸಂವಾದದಲ್ಲಿರುವ ಗುಣ ಇದೇ.

ಹೊಸದುರ್ಗದ ಇನ್ನೊಂದು ವಿಶೇಷವನ್ನು ಹೇಳದಿದ್ದರೆ ಈ ವಿಮರ್ಶೆ ಅಪೂರ್ಣ. ಸಾಣೇಹಳ್ಳಿಯಲ್ಲದೆ ಪಟ್ಟಣದ ಕುಂಚಿಟಿಗ ಮಠ, ಮಧುರೆಯ ಭಗೀರಥ ಪೀಠ, ಕೆಲ್ಲೋಡಿನ ಕನಕ ಗುರುಪೀಠದ ಶಾಖೆ ಈ ತಾಲ್ಲೂಕಿನಲ್ಲಿವೆ. ಹಿಂದುಳಿದ ಸಮುದಾಯಗಳು ತಮ್ಮ ಗುರುಗಳ ಮೂಲಕ ಸರ್ಕಾರದೊಡನೆ ಮಾತಾಡುವುದನ್ನು ಕಲಿತದ್ದು ಸಾಮಾಜಿಕ ನ್ಯಾಯದ ದೃಷ್ಟಿಯಿಂದ ಸಣ್ಣ ಗಳಿಕೆಯಲ್ಲ. ಆದರೆ ನ್ಯಾಯ ಮಠದ ಮುಖಾಂತರ ಮಾತಾಡುವ ನಾಡಿನಲ್ಲಿ ಮಠವಿಲ್ಲದವನ ಪರವಾಗಿ ಯಾರು ಮಾತಾಡುತ್ತಾರೆ? ಭಾನುವಾರ ಪ್ರಾರ್ಥನೆಗೆ ಹೋಗುವ ಕೂಲಿ ಹೆಂಗಸಿನ ಬಾಗಿಲಿಗೆ ವಿಚಾರಣೆಯ ಅಧಿಕಾರಿ ಬಂದಾಗ ಅವಳ ಬೆನ್ನ ಹಿಂದೆ ಪೀಠವಿರಲಿಲ್ಲ. ಶಿವಮೊಗ್ಗದಲ್ಲಿರುವ ಧರ್ಮಾಧ್ಯಕ್ಷರ ಹೆಸರು ಅವಳಿಗೆ ಗೊತ್ತಿರುವ ಸಂಭವವೂ ಕಡಿಮೆ, ಏಕೆಂದರೆ ಇಂಥವರಲ್ಲಿ ಅನೇಕರು ಹೋಗುವುದು ಸಣ್ಣ ಸ್ವತಂತ್ರ ಪ್ರಾರ್ಥನಾ ಕೂಟಗಳಿಗೆ. ಅವರು ನಮ್ಮವರಲ್ಲ ಎಂದು ಕಥೋಲಿಕ ಯಾಜಕ ಅಧಿಕಾರಿಯ ಮುಂದೆ ಹೇಳಬಹುದು. ದಾಖಲೆಯ ಪ್ರಕಾರ ಅದು ಸತ್ಯವೂ ಹೌದು. ಪೇತ್ರನು ಬೆಂಕಿ ಕಾಯಿಸಿಕೊಳ್ಳುತ್ತ ಹೇಳಿದ ಮಾತಿಗೆ ಅದು ಎಷ್ಟು ಹತ್ತಿರವಾದದ್ದು ಎಂಬುದನ್ನು ಪಾಲನಾ ದೈವಶಾಸ್ತ್ರದ ತರಗತಿಗಳಲ್ಲಿ ಚರ್ಚಿಸಬೇಕು.

ಗುರು ಅಭ್ಯರ್ಥಿಗಳನ್ನು ನವೆಂಬರಿನ ನಾಟಕೋತ್ಸವಕ್ಕೆ ಕರೆದೊಯ್ಯಬೇಕೆಂಬ ಸಲಹೆಯನ್ನು ನಾವು ಬೆಂಬಲಿಸುತ್ತೇವೆ, ಒಂದು ಷರತ್ತಿನೊಡನೆ. ಅತಿಥಿಗಳ ಸಾಲು ಬೇಡ, ಶಾಲು ಬೇಡ. ಹಳ್ಳಿಯವರ ನಡುವೆ ಮೆಟ್ಟಿಲ ಮೇಲೆ ಕುಳಿತು ನೋಡಲಿ. ಪಕ್ಕದಲ್ಲಿ ಕುಳಿತವರು ನೀವು ಯಾರು, ಏನು ಓದುತ್ತಿದ್ದೀರಿ ಎಂದು ಖಂಡಿತ ಕೇಳುತ್ತಾರೆ. ಪಾದ್ರಿಯಾಗಲು ಓದುತ್ತಿದ್ದೇವೆ ಎಂದ ಮೇಲೆ ಬರುವ ಮುಂದಿನ ಪ್ರಶ್ನೆ ಯಾವುದೆಂದು ನಮಗೆ ಗೊತ್ತು. ಅದಕ್ಕೆ ಅಲ್ಲೇ, ನಾಟಕ ಶುರುವಾಗುವ ಮುನ್ನ, ಹೊಸದುರ್ಗದ ಕನ್ನಡದಲ್ಲಿ ಉತ್ತರ ಕೊಡುವುದಕ್ಕೆ ಸಿದ್ಧರಾಗಿ ಹೋಗಲಿ.