ಕ್ರೆಡಿಟ್ ಬರ್ತದೆ, ಓದು ಬರ್ತದಾ?

ತಂಗಿಯನ್ನೋ ತಮ್ಮನನ್ನೋ ಡಿಗ್ರಿ ನಡುವೆಯೇ ಬೆಂಗಳೂರಿಗೆ ಕರೆಸಿಕೊಳ್ಳುವ ಯೋಚನೆ ನಮ್ಮಂಥ ಐಟಿ ಮಂದಿಗೆ ಒಮ್ಮೆಯಾದರೂ ಬರುತ್ತದೆ. ಸಂಬಳ ಬರ್ತಿದೆ, ಬಾಡಿಗೆ ಮನೇಲಿ ಒಂದು ರೂಮ್ ಖಾಲಿ ಇದೆ, ಭಾಲ್ಕಿಯಲ್ಲಿ ಓದೋದನ್ನ ಇಲ್ಲೇ ಓದಲಿ ಅಂತ. ಐಚ್ಛಿಕ ಇಂಗ್ಲಿಷ್ ತಗೊಂಡಿದ್ದರಂತೂ ‘ಇಂಗ್ಲಿಷ್ ತಾನೆ, ಎಲ್ಲಾ ಕಡೆ ಒಂದೇ’ ಅನ್ನುವ ಧೈರ್ಯ ಬೇರೆ. ಆದರೆ ಎಲ್ಲಾ ಕಡೆ ಒಂದೇ ಇಲ್ಲ. ನಮ್ಮ ವರ್ಗಾವಣೆ ವ್ಯವಸ್ಥೆ ಅಂಕಿಗಳನ್ನು ಸಾಗಿಸುತ್ತದೆ, ಓದನ್ನು ಸಾಗಿಸುವುದಿಲ್ಲ ಅನ್ನೋದು ನನ್ನ ತಕರಾರು.

ನಮ್ಮ ಬೀದರನ್ನೇ ನೋಡಿ. ಇಲ್ಲಿನ ಕಾಲೇಜುಗಳು ಬಹುಕಾಲ ಗುಲಬರ್ಗಾ ವಿಶ್ವವಿದ್ಯಾಲಯದ ಕೆಳಗಿದ್ದವು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಡಿಗ್ರಿ ಬಂತು. 2023ರಲ್ಲಿ ಬೀದರ ವಿಶ್ವವಿದ್ಯಾಲಯ ಶುರುವಾಯಿತು, ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ. 2024ರ ಮೇ ತಿಂಗಳಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿತು. ಔರಾದಿನ ಒಂದೇ ಮನೆಯಿಂದ ಅಕ್ಕ 2021ರಲ್ಲಿ, ತಮ್ಮ 2024ರಲ್ಲಿ ಬಿ.ಎ. ಸೇರಿದ್ದರೆ ಅಕ್ಕನದು ಎರಡು ಮುಖ್ಯ ವಿಷಯದ ಲೆಕ್ಕ, ತಮ್ಮನದು ಮೂರರದು. ಊರು ಬಿಡದವರಿಗೇ ಇಷ್ಟು ಗೊಂದಲ. ಬಿಟ್ಟವರ ಗತಿ?

ಔರಾದ್ ಕಡೆಯ, ಸಂಬಂಧದಲ್ಲಿ ತಂಗಿಯಾಗುವ ಹುಡುಗಿಯೊಬ್ಬಳು ಮೂರನೇ ಸೆಮಿಸ್ಟರಿಗೆ ಇಲ್ಲಿನ ಒಂದು ಕಾಲೇಜು ಸೇರಿದಳು. ಹೊಸ ಕಾಲೇಜಿನವರು ಮಾರ್ಕ್ಸ್ ಕಾರ್ಡಿನ ಪೇಪರ್ ಹೆಸರು, ಕ್ರೆಡಿಟ್ ಹೋಲಿಸಿ ನೋಡಿ ಸಹಿ ಹಾಕಿದರು. ತರಗತಿಗೆ ಹೋದ ಮೇಲೆ ಗೊತ್ತಾಯ್ತು: ಧ್ವನಿಶಾಸ್ತ್ರ ಎರಡನೇ ಸಲ ಓದಬೇಕು, ಬ್ರಿಟಿಷ್ ಸಾಹಿತ್ಯದ ಮೊದಲ ಭಾಗ ಇವಳು ಬರುವ ಮುಂಚೆಯೇ ಮುಗಿದಿದೆ. “ಅಣ್ಣಾ, ಪಾಸ್ ಅಂತೂ ಆಗ್ತೀನ್ರಿ. ಆದ್ರ ಕ್ಲಾಸ್ನ್ಯಾಗ ಷೇಕ್ಸ್‌ಪಿಯರ್ ಬಂದಾಗ ನಾ ಒಬ್ಬಾಕಿನೇ ಪರಕೀಯಳು” ಅಂದಳು.

ನಮ್ಮ ಕೆಲಸದಲ್ಲಿ ಇದನ್ನ ಕೆಟ್ಟ ಡೇಟಾ ಮೈಗ್ರೇಷನ್ ಅಂತೀವಿ. ಸಾಲುಗಳ ಲೆಕ್ಕ ಸರಿ ಇರುತ್ತೆ, ಯಾವುದು ಯಾವುದಕ್ಕೆ ಜೋಡಿ ಅನ್ನೋ ಕೊಂಡಿ ಮಾತ್ರ ತುಂಡಾಗಿರುತ್ತೆ. ಸಾಹಿತ್ಯದ ಓದು ನಿಂತಿರೋದೇ ಆ ಕೊಂಡಿಯ ಮೇಲೆ.

2021ರಲ್ಲಿ ಯುಜಿಸಿ ತಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಒಳ್ಳೆಯ ಕಲ್ಪನೆಯೇ. ಗಳಿಸಿದ ಕ್ರೆಡಿಟ್ ಏಳು ವರ್ಷದವರೆಗೆ ಖಾತೆಯಲ್ಲಿ ಇರುತ್ತದೆ. ಮದುವೆಯೋ ದುಡಿಮೆಯೋ ಓದು ನಿಲ್ಲಿಸಿದವರಿಗೆ ಇದು ದೊಡ್ಡ ಆಸರೆ. ಆದರೆ ಬ್ಯಾಂಕು ಕೂಡಿಡುತ್ತದೆ ಅಷ್ಟೇ, ಯಾವ ಪೇಪರಿನ ಬದಲು ಯಾವುದು ಅಂತ ತೀರ್ಮಾನಿಸುವುದು ನಾವು ಸೇರುವ ಸಂಸ್ಥೆ. ಆ ತೀರ್ಮಾನದ ಮೇಜಿನ ಮೇಲೆ ಇಂಗ್ಲಿಷ್ ವಿಭಾಗದ ಮೇಷ್ಟ್ರು ಕೂತು, ‘ಇಲ್ಲಿವರೆಗೆ ಏನೇನು ಓದಿದ್ದೀಯಮ್ಮಾ?’ ಅಂತ ಕೇಳಬೇಕು. ಗುಮಾಸ್ತರೇ ಮುಗಿಸುವ ಕೆಲಸವಲ್ಲ ಇದು.

ಅದಾಗುವ ತನಕ ನಾವು ಮಾಡಬಹುದಾದದ್ದು ಇಷ್ಟು. ಹಳೇ ಕಾಲೇಜಿನಿಂದ ಟಿಸಿ, ಮೈಗ್ರೇಷನ್ ಸರ್ಟಿಫಿಕೇಟಿನ ಜೊತೆ ಪ್ರತಿ ಸೆಮಿಸ್ಟರಿನ ಸಿಲೆಬಸ್ ಪ್ರತಿಯನ್ನೂ ಮುದ್ರೆ ಒತ್ತಿಸಿ ತನ್ನಿ. ಸೇರಬೇಕಾದ ಕಡೆಯ ಆರೂ ಸೆಮಿಸ್ಟರ್‌ಗಳ ಪಟ್ಟಿ ಪಕ್ಕಕ್ಕಿಟ್ಟು, ಪೇಪರಿನ ಹೆಸರು ಬಿಟ್ಟು ಒಳಗಿನ ಪಠ್ಯಗಳನ್ನು ಹೋಲಿಸಿ. ಎರಡು ಸಲ ಬರುವುದು, ಬಿಟ್ಟೇ ಹೋಗುವುದು ಎರಡನ್ನೂ ಗುರುತು ಹಾಕಿ. ಅವಳ ಜೊತೆಗಿನ ಇತರ ಐಚ್ಛಿಕ ವಿಷಯಗಳು ಅಲ್ಲಿ ಇವೆಯೇ ಅಂತ ಶುಲ್ಕ ಕಟ್ಟುವ ಮೊದಲೇ ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ. ಎಂ.ಎ. ಆಗಲಿ, ಶಿಕ್ಷಕರ ನೇಮಕಾತಿಯಾಗಲಿ, ಡಿಗ್ರಿಯಲ್ಲಿ ಯಾವ ಐಚ್ಛಿಕ ವಿಷಯ ಓದಿದ್ದೀರಿ ಅಂತ ಹಲವು ಕಡೆ ನೋಡುತ್ತಾರೆ.

ಇಷ್ಟೆಲ್ಲ ಹೋಲಿಸಿದ ಮೇಲೆ ಭಾಲ್ಕಿಯಲ್ಲೋ ಬೀದರದಲ್ಲೋ ಉಳಿದ ಸೆಮಿಸ್ಟರ್ ಮುಗಿಸಿ, ಎಂ.ಎ.ಗೆ ಬೆಂಗಳೂರು ಅಥವಾ ಹೈದರಾಬಾದಿಗೆ ಹೋಗುವುದೇ ಮೇಲು ಅನ್ನಿಸಿದರೆ ಅದೂ ಸರಿಯಾದ ಪ್ಲಾನೇ. ನಮ್ಮ ಖಾಲಿ ರೂಮ್ ಎರಡು ವರ್ಷ ಕಾಯಬಲ್ಲದು. ಮೊದಲ ಭಾಗ ಓದದೆ ಎರಡನೇ ಭಾಗಕ್ಕೆ ಕೂತ ಹುಡುಗಿಗೆ ಆ ಮೊದಲ ಭಾಗವನ್ನ ಮುಂದೆ ಯಾರೂ ಕರೆದು ಹೇಳಿಕೊಡೋದಿಲ್ಲ.