ಶ್ರವಣವೋ ದರ್ಶನವೋ: ಇಳಿವಯಸ್ಸಿನ ಗಾಯಕರ ಕಛೇರಿಯನ್ನು ಕುರಿತು

ಹೆಸರಾಂತ ಗಾಯಕರೊಬ್ಬರು ಎಂಬತ್ತರ ಆಸುಪಾಸಿನಲ್ಲಿ ವೇದಿಕೆಯೇರುವರೆಂದು ಪ್ರಕಟವಾದಾಗ ಸಂಗೀತಾಸಕ್ತರಲ್ಲಿ ಎರಡು ಬಗೆಯ ಮಾತು ಕೇಳಿಬರುವುದುಂಟು. ಇನ್ನೊಮ್ಮೆ ಅವಕಾಶ ಒದಗದಿರಬಹುದು, ಹೋಗಲೇಬೇಕು ಎಂಬುದು ಒಂದು. ಧ್ವನಿಮುದ್ರಿಕೆಗಳಲ್ಲಿ ಉಳಿದಿರುವ ಆ ಕಂಠದ ನೆನಪನ್ನು ಈಗಿನ ಕಂಠ ಕೇಳಿ ಕೆಡಿಸಿಕೊಳ್ಳುವುದೇಕೆ ಎಂಬುದು ಇನ್ನೊಂದು. ಮೊದಲನೆಯದು ಭಕ್ತಿಯ ಮಾತು, ಎರಡನೆಯದು ರಸಿಕತೆಯ ಮಾತು ಎಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಎರಡರ ಹಿಂದೆಯೂ ಒಂದೇ ಗ್ರಹಿಕೆಯಿದೆ. ಗಾಯಕನ ಸಾಧನೆಯೆಲ್ಲ ಹಿಂದೆಯೇ ಮುಗಿದಿದೆ, ಈಗ ಉಳಿದಿರುವುದು ಅದರ ನೆರಳು ಮಾತ್ರ ಎಂಬುದೇ ಆ ಗ್ರಹಿಕೆ. ಇದು ಎಲ್ಲ ಬಗೆಯ ಸಂಗೀತಕ್ಕೂ ಸಮಾನವಾಗಿ ಅನ್ವಯಿಸುವುದೇ ಎಂಬುದನ್ನು ಕರ್ನಾಟಕದ ಕೆಲವು ಗಾಯಕರ ಇಳಿವಯಸ್ಸಿನ ಗಾಯನದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶರೀರ ಮತ್ತು ಶಾರೀರ

13ನೆಯ ಶತಮಾನದ ಶಾರ್ಙ್ಗದೇವನು ತನ್ನ 'ಸಂಗೀತರತ್ನಾಕರ'ದಲ್ಲಿ ಶಾರೀರವೆಂಬ ಪದವನ್ನು ವಿವರಿಸಿದ್ದಾನೆ. ಅಭ್ಯಾಸವಿಲ್ಲದಿದ್ದರೂ ರಾಗವನ್ನು ಅಭಿವ್ಯಕ್ತಗೊಳಿಸಬಲ್ಲ ಧ್ವನಿಯ ಶಕ್ತಿಯೇ ಶಾರೀರ. ಶರೀರದೊಡನೆ ಹುಟ್ಟುವುದರಿಂದ ಅದಕ್ಕೆ ಆ ಹೆಸರು. ಶರೀರದೊಡನೆ ಹುಟ್ಟಿದ್ದು ಶರೀರದೊಡನೆ ಕುಂದುವುದು ಸಹಜವೆಂದು ಇದರಿಂದ ತರ್ಕಿಸಬಹುದು. ಆದರೆ ಈ ವ್ಯಾಖ್ಯೆಯ ಒತ್ತು ಇರುವುದು ರಾಗವನ್ನು ಕಾಣಿಸುವ ಶಕ್ತಿಯ ಮೇಲೆ ಎಂಬುದು ಗಮನಾರ್ಹ. ಮಾಧುರ್ಯವು ಒಳ್ಳೆಯ ಶಾರೀರದ ಗುಣಗಳ ಪಟ್ಟಿಯಲ್ಲಿ ಬರುತ್ತದೆಯೇ ಹೊರತು ವ್ಯಾಖ್ಯೆಯೊಳಗೆ ಬರುವುದಿಲ್ಲ. ಇಂಪು ಇಳಿದ ಮೇಲೂ ರಾಗ ಉಳಿಯಬಹುದಾದ ಸಾಧ್ಯತೆಗೆ ಶಾಸ್ತ್ರದಲ್ಲಿಯೇ ಎಡೆಯಿದೆ.

ವಯಸ್ಸು ಕಂಠದಿಂದ ಏನನ್ನು ಕಸಿದುಕೊಳ್ಳುತ್ತದೆ ಎಂಬುದು ಈಗ ಸಾಕಷ್ಟು ತಿಳಿದಿರುವ ವಿಷಯ. ಧ್ವನಿಪೆಟ್ಟಿಗೆಯ ಮೃದ್ವಸ್ಥಿ ಗಡುಸಾಗುತ್ತದೆ, ಧ್ವನಿತಂತುಗಳ ಸ್ನಾಯು ತೆಳುವಾಗುತ್ತದೆ, ಶ್ವಾಸದ ಹಿಡಿತ ಕಡಿಮೆಯಾಗುತ್ತದೆ. ಸ್ತ್ರೀಕಂಠ ಸಾಮಾನ್ಯವಾಗಿ ತಗ್ಗುತ್ತದೆ. ಪುರುಷಕಂಠ ಮುಪ್ಪಿನಲ್ಲಿ ತುಸು ಏರುವುದೂ ಉಂಟು. ಇದರ ಫಲವಾಗಿ ತಾರಸ್ಥಾಯಿಯ ನಿಲುಗಡೆ, ವೇಗದ ತಾನುಗಳು, ಒಂದೇ ಉಸಿರಿನಲ್ಲಿ ಸಾಗುವ ದೀರ್ಘ ಸಂಚಾರಗಳು ಮೊದಲು ಕೈಬಿಡುತ್ತವೆ. ಯಾವ ಸ್ವರವನ್ನು ಎಲ್ಲಿ ನಿಲ್ಲಿಸಬೇಕು, ಯಾವುದನ್ನು ಸೋಕಿ ಬಿಡಬೇಕು, ಸಮಕ್ಕೆ ಯಾವ ದಾರಿಯಲ್ಲಿ ಬರಬೇಕು ಎಂಬ ವಿವೇಕ ಗಂಟಲಿಗೆ ಸೇರಿದ್ದಲ್ಲ. ಮನಸ್ಸು ಚುರುಕಾಗಿರುವವರೆಗೆ ಅದು ಉಳಿಯುತ್ತದೆ, ಕೆಲವರಲ್ಲಿ ಬೆಳೆಯುತ್ತದೆ.

ಧಾರವಾಡದ ನಿದರ್ಶನಗಳು

ಮಲ್ಲಿಕಾರ್ಜುನ ಮನಸೂರರ (1910-1992) ಜೀವನಕ್ರಮವೇ ಈ ಮಾತಿಗೆ ದೊಡ್ಡ ಆಧಾರ. ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು, ಅನಂತರ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಬುರ್ಜಿ ಖಾನ್ ಅವರಲ್ಲಿ ಜೈಪುರ-ಅತ್ರೌಲಿ ಪದ್ಧತಿಯನ್ನು ಕಲಿತ ಅವರು ಯೌವನದಲ್ಲಿಯೇ ಧ್ವನಿಮುದ್ರಿಕೆ ನೀಡಿದ್ದರು. ಆದರೂ ದೇಶವ್ಯಾಪಿ ಮನ್ನಣೆ ಬಂದದ್ದು ತಡವಾಗಿ: ಪದ್ಮಶ್ರೀ 1970ರಲ್ಲಿ, ಪದ್ಮಭೂಷಣ 1976ರಲ್ಲಿ, ಪದ್ಮವಿಭೂಷಣ 1992ರಲ್ಲಿ. ಅಂದರೆ ಇಂದು ಮನಸೂರ್ ಗಾಯನವೆಂದು ರಸಿಕರು ಕೊಂಡಾಡುವುದರ ಬಹುಭಾಗ ಅರವತ್ತು ದಾಟಿದ ವ್ಯಕ್ತಿಯ ಗಾಯನ. ಶಿವಮತ್ ಭೈರವ್, ಬಹಾದುರಿ ತೋಡಿ, ಲಚ್ಛಾಸಾಖ್‌ನಂತಹ ಅಪರೂಪದ ರಾಗಗಳನ್ನು ಬಂದಿಶಿನ ಸುತ್ತಲೇ ಕಟ್ಟುತ್ತ, ಸ್ವರವನ್ನೂ ಲಯವನ್ನೂ ಬಿಡಿಸಲಾಗದಂತೆ ಹೆಣೆಯುತ್ತ ಹೋಗುವ ಆ ಕ್ರಮಕ್ಕೆ ಕಂಠದ ಹೊಳಪು ಮುಖ್ಯ ಬಂಡವಾಳವಾಗಿರಲಿಲ್ಲ. ಮುದುಕರ ಹಾಡು ಕೇಳುವುದೇನು ಎಂದು ಅಂದು ಮನೆಯಲ್ಲಿ ಉಳಿದವನು ಮನಸೂರರ ಸಂಗೀತವನ್ನೇ ಕಳೆದುಕೊಂಡ.

ಇದೇ ಘರಾನೆಯ ಕೇಸರಬಾಯಿ ಕೇರ್ಕರ್ (1892-1977) ಇದಕ್ಕೆ ವಿರುದ್ಧವಾದ ನಿರ್ಧಾರ ಕೈಗೊಂಡರು. ಅಲ್ಲಾದಿಯಾ ಖಾನರ ನೇರ ಶಿಷ್ಯೆಯಾಗಿದ್ದ ಅವರು ನಿಧನಕ್ಕೆ ಒಂದು ದಶಕಕ್ಕೂ ಮೊದಲೇ, 1960ರ ದಶಕದಲ್ಲಿ ಸಾರ್ವಜನಿಕ ಗಾಯನದಿಂದ ಹಿಂದೆ ಸರಿದರು. ತುಂಬಿದ, ಮೂರು ಸ್ಥಾಯಿಗಳಲ್ಲಿ ಒಂದೇ ತೂಕದಿಂದ ಸಂಚರಿಸುವ ಕಂಠವೇ ಅವರ ಕಲೆಯ ಅವಿಭಾಜ್ಯ ಅಂಗವಾಗಿತ್ತು. ಅದು ತಗ್ಗಿದಾಗ ಮೌನವನ್ನು ಆಯ್ದುಕೊಳ್ಳುವುದು ಕಲೆಗೆ ತೋರಿದ ಗೌರವವೇ ಸರಿ. ಒಂದೇ ಮನೆತನದ ವಿದ್ಯೆ ಇಬ್ಬರಲ್ಲಿ ಎರಡು ತೀರ್ಮಾನಗಳಿಗೆ ಎಡೆಮಾಡಿತು. ಆದ್ದರಿಂದ ವಯಸ್ಸಿಗೆ ಸಂಬಂಧಿಸಿದಂತೆ ಎಲ್ಲರಿಗೂ ಒಪ್ಪುವ ಒಂದು ಗೆರೆ ಎಳೆಯಲು ಬರುವುದಿಲ್ಲ.

ಗಂಗೂಬಾಯಿ ಹಾನಗಲ್ (1913-2009) ಅವರ ನಿದರ್ಶನ ಇನ್ನೂ ಸೂಕ್ಷ್ಮವಾದುದು. 'ಗಾಂಧಾರಿ' ಎಂಬ ಹೆಸರಿನಲ್ಲಿ 1930ರ ದಶಕದಲ್ಲಿ ಹೊರಬಂದ ಅವರ ಧ್ವನಿಮುದ್ರಿಕೆಗಳಲ್ಲಿ ಕೇಳುವುದು ಎತ್ತರದ ಶ್ರುತಿಯ ತೆಳುವಾದ ಸ್ತ್ರೀಕಂಠ. ಗಂಟಲಿನ ಚಿಕಿತ್ಸೆಯ ತರುವಾಯ ಆ ಕಂಠ ತಗ್ಗಿ, ಗಂಡುದನಿಯೆನಿಸುವಷ್ಟು ಗಂಭೀರವಾಯಿತು. ಮುಂದಿನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕೇಳುಗರು ಅವರನ್ನು ಗುರುತಿಸಿದ್ದು ಈ ಬದಲಾದ ಕಂಠದಿಂದಲೇ. ಯೌವನದ ಕಂಠವೇ ಮೂಲ, ಅನಂತರದ್ದು ಅದರ ಕುಸಿತ ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಕಳೆದುಕೊಂಡದ್ದನ್ನು ಒಪ್ಪಿಕೊಂಡು, ಉಳಿದದ್ದರ ಮೇಲೆ ಕಿರಾಣಾ ಘರಾನೆಯ ವಿಲಂಬಿತ ಬಢತ್ತನ್ನು ಕಟ್ಟಿದ ಗಾಯಕಿಗೆ ಮುಪ್ಪು ಹೊಸ ಶತ್ರುವಾಗಿರಲಿಲ್ಲ. 2006ರ ಮಾರ್ಚ್‌ನಲ್ಲಿ, 93ರ ವಯಸ್ಸಿನಲ್ಲಿ ಅವರು ತಮ್ಮ ಕೊನೆಯ ಕಛೇರಿಯನ್ನು ನೀಡಿದರು.

ಧ್ವನಿಮುದ್ರಿಕೆ ಹೇಳುವುದೆಷ್ಟು

ಯೌವನದ ಗಾಯನ ಮುದ್ರಿಕೆಯಲ್ಲಿ ಸಿಗುತ್ತದೆ, ಅದನ್ನು ಕೇಳಿದರೆ ಸಾಕು ಎಂಬ ವಾದವನ್ನು ಇಲ್ಲಿ ತೂಗಿ ನೋಡಬೇಕು. ನಿಮಿಷಕ್ಕೆ 78 ಸುತ್ತಿನ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷ. ಒಂದು ಗಂಟೆಯ ಖಯಾಲು ಅಷ್ಟರೊಳಗೆ ಕುಗ್ಗಿದಾಗ ಉಳಿಯುವುದು ಬಂದಿಶಿನ ಮುಖ ಮತ್ತು ಕೆಲವು ತಾನುಗಳು. ಆಲಾಪದ ನಡೆ ಹೊರಗುಳಿಯುತ್ತದೆ. ದೀರ್ಘವಾದಿ ತಟ್ಟೆಗಳು ಬಂದಾಗ ಮನಸೂರ್ ಮತ್ತು ಗಂಗೂಬಾಯಿಯವರ ತಲೆಮಾರು ನಡುವಯಸ್ಸು ಮುಟ್ಟಿತ್ತು. ಹೀಗಾಗಿ ಆ ತಲೆಮಾರಿನವರ ಯೌವನದ ಕಂಠ ಮೂರು ನಿಮಿಷದ ತುಣುಕುಗಳಲ್ಲಿಯೂ, ಅವರ ರಾಗವಿಸ್ತಾರ ನಂತರದ ವಯಸ್ಸಿನ ಕಂಠದಲ್ಲಿಯೂ ದಾಖಲಾಗಿದೆ. ಎರಡನ್ನೂ ಒಟ್ಟಿಗೆ ಪಡೆಯುವ ಭಾಗ್ಯ ಇಂದಿನ ಕೇಳುಗನಿಗಿಲ್ಲ.

ಮುದ್ರಿಕೆ ಕಾಣಿಸದ ಇನ್ನೊಂದು ಸಂಗತಿಯೂ ಇದೆ. ಮನಸೂರರೊಡನೆ ಮಗ ರಾಜಶೇಖರ ಮನಸೂರ್, ಗಂಗೂಬಾಯಿಯವರೊಡನೆ ಮಗಳು ಕೃಷ್ಣಾ ಹಾನಗಲ್ ಸಹಗಾಯನ ಮಾಡುತ್ತಿದ್ದರು. ಕರ್ನಾಟಕ ಸಂಗೀತದಲ್ಲಿ ಆರ್. ಕೆ. ಶ್ರೀಕಂಠನ್ (1920-2014) ಅವರೊಡನೆ ಮಗ ಆರ್. ಎಸ್. ರಮಾಕಾಂತ್ ಹಾಡುತ್ತಿದ್ದರು. ರುದ್ರಪಟ್ಟಣದಲ್ಲಿ ಜನಿಸಿದ ಶ್ರೀಕಂಠನ್ ಅವರಿಗೆ 1995ರಲ್ಲಿ ಸಂಗೀತ ಕಲಾನಿಧಿ ಬಿರುದು ಸಂದಾಗ 75 ವರ್ಷ. ತೊಂಬತ್ತು ದಾಟಿದ ಮೇಲೂ ಅವರು ಶ್ರುತಿಶುದ್ಧಿಯಲ್ಲಿ, ಸಾಹಿತ್ಯದ ಸ್ಪಷ್ಟ ಉಚ್ಚಾರಣೆಯಲ್ಲಿ ರಿಯಾಯಿತಿ ಬೇಡದೆ ಹಾಡಿದರು. ಇಂತಹ ಕಛೇರಿಗಳಲ್ಲಿ ಹಿರಿಯರು ಎತ್ತಿಕೊಟ್ಟ ಸಂಚಾರವನ್ನು ಕಿರಿಯರು ಮುಂದುವರಿಸುತ್ತಾರೆ. ಹಿರಿಯರು ಕೈಯ ಸನ್ನೆಯಿಂದಲೋ ಕಣ್ಣಿನ ನೋಟದಿಂದಲೋ ಅದನ್ನು ತಿದ್ದುತ್ತಾರೆ, ಇಲ್ಲವೇ ಮೆಚ್ಚುತ್ತಾರೆ. ಮುದ್ರಿಕೆಯಲ್ಲಿ ಎರಡು ಕಂಠಗಳು ಕೇಳುತ್ತವೆ, ಅವುಗಳ ನಡುವಿನ ಪಾಠ ಕಾಣುವುದಿಲ್ಲ. ಮನೆಯೊಳಗೆ ನಡೆಯುವ ವಿದ್ಯಾದಾನದ ಒಂದು ಗಳಿಗೆ ವೇದಿಕೆಯ ಮೇಲೆ ತೆರೆದುಕೊಳ್ಳುವುದು ಗುರುವಿನ ಕಂಠ ದಣಿದಾಗಲೇ. ಸಂಗೀತದ ಅಧ್ಯಯನಕಾರನಿಗೆ ಇದೊಂದೇ ಕಾರಣ ಸಾಕು, ಕಛೇರಿಗೆ ಹೋಗಲು.

ಮುದ್ರಿತ ಕೃತಿ ಮತ್ತು ದರ್ಶನ

ಚಿತ್ರಗೀತೆಯ ಸಂದರ್ಭ ಬೇರೆ. ಅಲ್ಲಿ ಕೃತಿಯೆಂದರೆ ಮುದ್ರಣಗೊಂಡ ಹಾಡೇ. ರಾಗ ಸಂಯೋಜನೆ, ವಾದ್ಯಮೇಳ, ಕಂಠ ಇವೆಲ್ಲ ಒಂದು ದಿನದ ಮುದ್ರಣದಲ್ಲಿ ಸ್ಥಿರಗೊಂಡಿವೆ. ಕೇಳುಗ ಬಯಸುವುದು ಅದರ ಮರುಕಳಿಕೆಯನ್ನು. 1957ರಿಂದ ಹಾಡುತ್ತ ಬಂದ ಎಸ್. ಜಾನಕಿಯವರು 2017ರ ಅಕ್ಟೋಬರ್‌ನಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ, 79ರ ವಯಸ್ಸಿನಲ್ಲಿ ಕಛೇರಿಗಳಿಗೆ ವಿದಾಯ ಹೇಳಿದರು. ಅಂತಹ ಸಂಜೆಗೆ ಹೋಗುವವನು ಹೊಸದಾಗಿ ಕಟ್ಟುವ ಸಂಗೀತವನ್ನು ಅರಸಿ ಹೋಗುವುದಿಲ್ಲ. ತನ್ನ ಬಾಲ್ಯವನ್ನು, ಮನೆಯ ರೇಡಿಯೋವನ್ನು, ಅಮ್ಮನ ಗುನುಗನ್ನು ಕೊಟ್ಟ ಕಂಠಕ್ಕೆ ಕೃತಜ್ಞತೆ ಸಲ್ಲಿಸಲು ಹೋಗುತ್ತಾನೆ. ಇದಕ್ಕೆ ಕನ್ನಡದಲ್ಲಿ ಹಳೆಯ, ಯೋಗ್ಯವಾದ ಒಂದು ಹೆಸರಿದೆ: ದರ್ಶನ. ದರ್ಶನ ಕೀಳಲ್ಲ. ಅದನ್ನು ಶ್ರವಣವೆಂದು ತಪ್ಪಾಗಿ ಕರೆದಾಗ ಮಾತ್ರ ಕಲಾವಿದರಿಗೂ ಕೇಳುಗರಿಗೂ ಅನ್ಯಾಯವಾಗುತ್ತದೆ. ದರ್ಶನಕ್ಕೆ ಬಂದವನು ಹಾಡಿನ ಪಲುಕುಗಳನ್ನು ಹಳೆಯ ತಟ್ಟೆಯೊಡನೆ ಹೋಲಿಸಿ ನೊಂದುಕೊಳ್ಳಬಾರದು.

ಎರಡೂ ಬೆರೆಯುವ ಸಂದರ್ಭಗಳಿವೆ. ತಮ್ಮ ಗುರು ಕುಂದಗೋಳದ ಸವಾಯಿ ಗಂಧರ್ವರ ನೆನಪಿಗಾಗಿ ಭೀಮಸೇನ ಜೋಶಿಯವರು (1922-2011) ಪುಣೆಯಲ್ಲಿ 1953ರಲ್ಲಿ ಆರಂಭಿಸಿದ ಉತ್ಸವದಲ್ಲಿ, 2007ರಲ್ಲಿ ಅವರೇ 85ರ ವಯಸ್ಸಿನಲ್ಲಿ ಹಾಡಿದರು. ಅವರ ಗಾಯನದ ಖ್ಯಾತಿಗೆ ಶ್ವಾಸದ ಬಲ, ತಾನುಗಳ ರಭಸ ಎರಡೂ ಕಾರಣವಾಗಿದ್ದವು. ವಯಸ್ಸು ಮೊದಲು ಮುಟ್ಟುವುದು ಅವುಗಳನ್ನೇ. ರಭಸವನ್ನೇ ಹುಡುಕುವ ಕೇಳುಗನಿಗೆ ಇಂತಹ ಗಾಯನ ಬರಿಯ ದರ್ಶನವಾದೀತು. ಷಡ್ಜವನ್ನು ಹಚ್ಚುವ ಕಿರಾಣಾ ಕ್ರಮವನ್ನು ಅರಿತವನಿಗೆ ಅದು ಶ್ರವಣವೂ ಆದೀತು. ಬೆಲೆ ಕೇಳುಗನ ಸಿದ್ಧತೆಯಲ್ಲಿಯೂ ಇದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹೊಣೆಯ ಪ್ರಶ್ನೆ

ಹಾಗಾದರೆ ಇಳಿವಯಸ್ಸಿನ ಗಾಯನವೆಲ್ಲ ಪಕ್ವವೆಂದು ತೀರ್ಮಾನಿಸಬೇಕೇ? ಹಾಗೆ ಹೇಳಿದರೆ ವಿಮರ್ಶೆ ಹೂಹಾರವಾಗುತ್ತದೆ. ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಸೂಕ್ತ. ಶ್ರುತಿ ನಿಂತಿದೆಯೇ? ಲಯ ಕೈಯಲ್ಲಿದೆಯೇ? ಎತ್ತಿಕೊಂಡ ಸಂಚಾರ, ಎಷ್ಟೇ ಕಿರಿದಾಗಿರಲಿ, ತನ್ನ ನೆಲೆ ಮುಟ್ಟುತ್ತಿದೆಯೇ? ಈ ಮೂರೂ ಇದ್ದಲ್ಲಿ ದನಿಯ ಬಿರುಕು, ಉಸಿರಿನ ತುಂಡು ಗೌಣ. ಇವು ತಪ್ಪಿದಲ್ಲಿ, ಹೆಸರು ಎಷ್ಟೇ ದೊಡ್ಡದಿರಲಿ, ರಾಗ ನಿಂತಿಲ್ಲವೆಂದು ವಿನಯದಿಂದ ಬರೆಯಬೇಕು. 'ವಯಸ್ಸನ್ನು ಮೀರಿದ ಗಾಯನ' ಎಂಬ ಸಿದ್ಧವಾಕ್ಯ ಎಲ್ಲ ಕಛೇರಿಗಳಿಗೂ ಅಂಟಿಕೊಂಡಿರುವುದು ಕಲಾವಿದರಿಗೆ ಗೌರವವಲ್ಲ. ಮುದ್ರಣವಾಗದ ಕಛೇರಿಗೆ ನಾಳಿನ ಸಂಶೋಧಕನಿಗೆ ದೊರೆಯುವ ಆಕರವೆಂದರೆ ಇಂದಿನ ವಿಮರ್ಶೆ ಮಾತ್ರ. ಅದು ಸುಳ್ಳಾದರೆ ಪರಂಪರೆಯ ಚರಿತ್ರೆಯೇ ಸುಳ್ಳಾಗುತ್ತದೆ. ಮನಸೂರರ ನಿಜವಾದ ಪಕ್ವತೆಯನ್ನು ಬಣ್ಣಿಸಲು ಬಳಸಬೇಕಾದ ಪದಗಳೂ ಸವೆದುಹೋಗುತ್ತವೆ.

ಸಂಘಟಕರ ಹೊಣೆಯೂ ಕಡಿಮೆಯದಲ್ಲ. ಶಾಲು, ಹಾರ, ಫಲತಾಂಬೂಲ, ಗಂಟೆಗಟ್ಟಲೆ ಭಾಷಣ ಇವೆಲ್ಲ ಮುಗಿದ ಮೇಲೆ, ದಣಿದ ಹಿರಿಯರನ್ನು ತಡರಾತ್ರಿ ಹಾಡಲು ಕೂರಿಸುವ ರೂಢಿ ನಮ್ಮ ಸಭೆಗಳಲ್ಲಿ ಬೇರೂರಿದೆ. ಮೊದಲು ಗಾಯನ, ಬಳಿಕ ಸನ್ಮಾನ. ದೊಡ್ಡ ಸಭಾಂಗಣದ ಬದಲು ನೂರು ಜನರ ಬೈಠಕ್. ಎರಡೂವರೆ ಗಂಟೆಯ ಬದಲು ನಲವತ್ತು ನಿಮಿಷ. ಇಷ್ಟು ಬದಲಾದರೆ ದರ್ಶನವಾಗಬಹುದಾಗಿದ್ದ ಎಷ್ಟೋ ಸಂಜೆಗಳು ಶ್ರವಣವಾಗುತ್ತವೆ. ಸಂಭಾವನೆಯನ್ನೇ ನಂಬಿದ ಕಲಾವಿದರು ಒಲ್ಲೆನೆನ್ನಲಾಗದೆ ವೇದಿಕೆಗೆ ಬರುವ ಸ್ಥಿತಿ ಇರುವವರೆಗೆ, ಹಾಡುವುದೋ ಬಿಡುವುದೋ ಎಂಬುದು ಅವರ ಸ್ವಂತ ಆಯ್ಕೆಯೆಂದು ಹೇಳುವಂತಿಲ್ಲ. ಕೇಸರಬಾಯಿಯವರ ಮೌನ ಸ್ವತಂತ್ರ ನಿರ್ಧಾರವಾದಂತೆ ಪ್ರತಿಯೊಬ್ಬ ಗಾಯಕನ ಮೌನವೂ ಸ್ವತಂತ್ರವಾಗಬೇಕಾದರೆ ಅಶಕ್ತ ಕಲಾವಿದರ ಮಾಸಾಶನ ಬದುಕಿಗೆ ಸಾಲುವಂತಿರಬೇಕು.

ಒಟ್ಟಿನಲ್ಲಿ, ಇಳಿವಯಸ್ಸಿನ ಗಾಯಕರನ್ನು ಎದುರಿಗೆ ಕುಳಿತು ಕೇಳುವುದು ಸಾರ್ಥಕವೇ ಎಂಬ ಪ್ರಶ್ನೆಗೆ ಉತ್ತರ ಗಾಯಕರ ವಯಸ್ಸಿನಲ್ಲಿಲ್ಲ. ಕೃತಿ ಹಾಡುವ ಗಳಿಗೆಯಲ್ಲಿ ಹುಟ್ಟುವಂಥದಾಗಿದ್ದರೆ, ಗಾಯಕ ಬದುಕಿ ಯೋಚಿಸುತ್ತಿರುವವರೆಗೆ ಅದು ಮುಗಿದಿಲ್ಲ, ಹೋಗಿ ಕೇಳಬೇಕು. ಕೃತಿ ಹಿಂದೆಯೇ ಸ್ಥಿರಗೊಂಡಿದ್ದರೆ, ಹೋಗಿ ಕಂಡು ಕೈಮುಗಿದು ಬರಬೇಕು. ಕೇಳಲು ಮನೆಯಲ್ಲಿ ಮುದ್ರಿಕೆಯಿದೆ. ಯಾವುದಕ್ಕಾಗಿ ಹೊರಟಿದ್ದೇನೆಂಬುದನ್ನು ಹೊಸ್ತಿಲು ದಾಟುವ ಮುನ್ನ ತಿಳಿದುಕೊಂಡ ಕೇಳುಗ ಬರಿಗೈಯಲ್ಲಿ ಹಿಂದಿರುಗುವುದಿಲ್ಲ.